ಜೊಲ್ಲು ಸುರಿಸಿದ ಮಕರ

"ಗುರುಗಳೇ, ಊರೂರು ತಿರುಗಿ ದೇವರ ರೂಪವನ್ನು ವರ್ಣಿಸುತ್ತೇನೆ. ಸಾವಿರ ತೋಳು, ಉರಿಗಣ್ಣು, ಕೋರೆದಾಡೆ, ಒಂದನ್ನೂ ಬಿಡುವುದಿಲ್ಲ. ಜನ ಕೇಳುತ್ತಾರೆ, ಆಕಳಿಸುತ್ತಾರೆ, ಎದ್ದು ಹೋಗುತ್ತಾರೆ. ಯಾರೂ ಕಾಣದ್ದನ್ನು ನಂಬುವಂತೆ ಹೇಳುವುದು ಹೇಗೆ?"

ಶಿಷ್ಯ ಹೀಗೆ ಕೇಳಿದಾಗ ಗುರುಗಳು ಪೂಜೆಗೆ ಹೂ ಕಟ್ಟುತ್ತಿದ್ದರು. ಕಟ್ಟುತ್ತಲೇ ಈ ಕತೆ ಹೇಳಿದರು.

ಒಬ್ಬ ವರ್ತಕ ಬೆಟ್ಟದ ಒರತೆಯ ನೀರನ್ನು ಕಾಲುವೆ ಕಟ್ಟಿಸಿ ಊರ ಬಾಗಿಲಿಗೆ ತಂದ. ದೇವರು ಕೊಟ್ಟ ನೀರು ದೇವಲೋಕದ ಮೃಗದ ಬಾಯಿಂದಲೇ ಬೀಳಲಿ ಎಂಬುದು ಅವನ ಆಸೆ. ತರುಣ ಶಿಲ್ಪಿಯೊಬ್ಬನನ್ನು ಕರೆದು, ಒಂದು ಮಕರವನ್ನು ಕೆತ್ತಿಕೊಡು ಎಂದ. ಶಿಲ್ಪಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅದುವರೆಗೆ ಅವನು ಬೇರೆಯವರು ಕೆತ್ತಿದ ವಿಗ್ರಹಗಳಿಗೆ ಉಗುರು, ಕೂದಲು ತಿದ್ದಿಕೊಂಡಿದ್ದವನು. ತನ್ನದೆಂದು ಭಗವಂತನಿಗೆ ಒಪ್ಪಿಸುವ ಮೊದಲ ಕೆಲಸ ಇದೇ.

ಮಕರವನ್ನು ಕಂಡವರು ಯಾರೂ ಇಲ್ಲ. ಕಂಡವರಿಲ್ಲದ ಮೇಲೆ ಹೀಗಲ್ಲ ಎನ್ನುವವರೂ ಇಲ್ಲ ಎಂದುಕೊಂಡ ಶಿಲ್ಪಿ. ಮೊಸಳೆಯ ದವಡೆ ಇಟ್ಟ. ಆನೆಯ ಸೊಂಡಿಲು ಇಟ್ಟ. ಸಿಂಹದ ಪಂಜ, ನವಿಲಿನ ಬಾಲ, ಸಾಲದ್ದಕ್ಕೆ ಬೆನ್ನ ಮೇಲೆ ಹದ್ದಿನ ರೆಕ್ಕೆ. ಹಲ್ಲುಗಳನ್ನಂತೂ ಮಸೆದು ಮಸೆದು ಕೆತ್ತಿದ. ನೋಡಿದವರ ಎದೆ ಝಲ್ಲೆನ್ನಬೇಕೆಂದು ಕತ್ತನ್ನು ತಿರುಚಿದ, ನಾಲಿಗೆಯನ್ನು ಮೇಲಕ್ಕೆತ್ತಿ ನಿಲ್ಲಿಸಿದ. ಎಲ್ಲ ಮುಗಿದ ಮೇಲೆ ನೀರಿಗೆ ದಾರಿ ಬೇಕಲ್ಲ ಎಂದು ನೆನಪಾಯಿತು. ಆ ಕಡೆಯಿಂದ ಒಂದು ತೂತು, ಈ ಕಡೆಯಿಂದ ಒಂದು ತೂತು ಕೊರೆದು, ತಿರುಚಿದ ಕತ್ತಿನೊಳಗೆ ಹೇಗೋ ಎರಡನ್ನೂ ಸೇರಿಸಿದ.

ನೀರು ಬಿಡುವ ದಿನ ಊರೆಲ್ಲ ನೆರೆಯಿತು. ಓಲಗದವರು ಊದಿದರು. ನೀರು ಕತ್ತಿನ ತಿರುವಿನಲ್ಲಿ ತಡವರಿಸಿ, ನಾಲಿಗೆಗೆ ಬಡಿದು, ಮಕರದ ಗಲ್ಲದ ಮೇಲೆ ತೊಟ್ಟು ತೊಟ್ಟಾಗಿ ಇಳಿಯಿತು. ಕೊಡ ಹಿಡಿದು ಮುಂದೆ ನಿಂತಿದ್ದ ಮುದುಕಿಯೊಬ್ಬಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ಶಿಲ್ಪಿಯ ಕಡೆ ತಿರುಗಿದಳು.

"ನಿನ್ನ ಕೂಸಿಗೆ ಹಲ್ಲು ಬರ್ತಾ ಇದೆ ಕಣಪ್ಪ. ಜೊಲ್ಲು ನೋಡು. ಕೊರಳಿಗೊಂದು ಬಟ್ಟೆ ಕಟ್ಟು."

ಓಲಗದವರೂ ಪೀಪಿ ಬಾಯಿಂದ ತೆಗೆದು ನಕ್ಕರು. ವರ್ತಕ ಮಾತ್ರ ನಗಲಿಲ್ಲ. ಇನ್ನೊಂದು ಕಲ್ಲು ಕೊಡುತ್ತೇನೆ, ಅದೂ ಹೀಗೇ ಆದರೆ ನೀರು ಬೀಳಲು ನನಗೆ ಬರಿಯ ಕಲ್ಲುದೋಣಿ ಸಾಕು, ನೀನು ಮತ್ತೆ ಉಗುರು ತಿದ್ದಲು ಹೋಗಬಹುದು ಎಂದ.

ಶಿಲ್ಪಿ ಊರ ಹೊರಗಿನ ಹುಲ್ಲುಗಾವಲಿಗೆ ಹೋಗಿ ಕುಳಿತ. ದಾರಿ ನೀನೇ ತೋರಿಸಬೇಕು ತಂದೆ ಎಂದು ಕೈಮುಗಿದ. ಕೇಳಿದವರಿಗೆ ಭಗವಂತ ತೋರಿಸದೆ ಇದ್ದಾನೆಯೇ? ಎದುರಿಗೆ ಒಂದು ಹಸು ಮೇಯುತ್ತಿತ್ತು. ಕರು ದೂರ ಹೋಗಿತ್ತು. ಹಸು ಅದನ್ನು ಕರೆಯಿತು. ಕರೆಯುವಾಗ ಅದರ ಕತ್ತು ಬೆನ್ನಿನ ಸಾಲಿಗೆ ನೇರವಾಗಿ ಚಾಚಿತು. ದವಡೆ ಕಿವಿಯ ಬುಡದಿಂದ ತೆರೆಯಿತು. ನಾಲಿಗೆ ತಾನಾಗಿ ತಗ್ಗಿ ದಾರಿ ಬಿಟ್ಟಿತು. ಕೂಗು ಎಲ್ಲಿಯೂ ತಡೆಯದೆ ಹರಿಯಿತು. ಕರು ಓಡಿ ಬಂತು.

ಶಿಲ್ಪಿ ತನ್ನ ಕಿವಿಯ ಬುಡಕ್ಕೆ ಬೆರಳಿಟ್ಟು ಬಾಯಿ ತೆರೆದು ನೋಡಿದ. ಅಲ್ಲಿಯೂ ಅದೇ ಕೀಲು. ಮರದ ಮೇಲಿದ್ದ ಹದ್ದು ರೆಕ್ಕೆ ಬಿಚ್ಚಿತು. ರೆಕ್ಕೆ ಹುಟ್ಟಿದ್ದು ಬೆನ್ನಿನಿಂದಲ್ಲ, ಹೆಗಲಿನಿಂದ. ತನ್ನ ತೋಳಿನಂತೆಯೇ ಅದಕ್ಕೂ ಮೊಣಕೈ, ಅದಕ್ಕೂ ಮಣಿಕಟ್ಟು. ಭಗವಂತ ಮುಖಗಳನ್ನು ಬೇರೆ ಬೇರೆ ಮಾಡಿದ್ದಾನೆ, ಮೂಳೆ ಜೋಡಿಸುವ ಬಗೆ ಒಂದೇ. ಮಕರವನ್ನು ಮಾಡಿದ್ದರೂ ಹೀಗೆಯೇ ಮಾಡಿರುತ್ತಾನೆ. ಹಾಗೆನ್ನಿಸಿದ್ದೇ ಶಿಲ್ಪಿಗೆ ನಗು ಉಕ್ಕಿ ಬಂತು. ಹಸುವಿಗೆ ಉದ್ದಕ್ಕೆ ಬಿದ್ದು ನಮಸ್ಕರಿಸಿದ. ಹಸು ಅವನ ಜುಟ್ಟನ್ನು ಹುಲ್ಲೆಂದು ಬಗೆದು ಒಮ್ಮೆ ಎಳೆದು, ರುಚಿಸದೆ ಬಿಟ್ಟಿತು.

ಎರಡನೆಯ ಕಲ್ಲಿನಲ್ಲಿ ಅವನು ಮೊದಲು ಗಂಟಲು ಕೊರೆದ. ಗಂಟಲಿಗೆ ತಕ್ಕ ಕತ್ತು ಬಂತು, ಕತ್ತನ್ನು ಹೊರುವ ಹೆಗಲು ಬಂತು, ಹೆಗಲಿನಿಂದ ರೆಕ್ಕೆ ಹೊರಟಿತು. ದವಡೆಯನ್ನು ಕಿವಿಯ ಬುಡದಲ್ಲಿ ಕೂಡಿಸಿದ, ನಾಲಿಗೆಯನ್ನು ತಗ್ಗಿಸಿದ. ಹಲ್ಲುಗಳು ಕೊನೆಗೆ ಬಂದವು, ಬಾಯಲ್ಲಿ ಜಾಗವಿದ್ದಷ್ಟು.

ಈ ಸಲ ವರ್ತಕ ಓಲಗ ಕರೆಸಲಿಲ್ಲ. ಸುಮ್ಮನೆ ತೂಬು ಎತ್ತಿಸಿದ. ನೀರು ಗಂಟಲು ತುಂಬಿ, ನಾಲಿಗೆಯ ಮೇಲೆ ಜಾರಿ, ಬಿಲ್ಲಾಗಿ ಬಾಗಿ ದೂರಕ್ಕೆ ಚಿಮ್ಮಿತು. ಮುಂದೆ ನಿಂತವರೆಲ್ಲ ತೊಯ್ದು ತೊಪ್ಪೆಯಾದರು. ಮಕ್ಕಳು ಕುಣಿದರು. ವರ್ತಕ ತನ್ನ ರೇಷ್ಮೆ ಶಲ್ಯ ಹಿಂಡುತ್ತ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.

ಮುದುಕಿಯೂ ಕೊಡ ಹಿಡಿದು ಬಂದಳು. ಕೋರೆಹಲ್ಲುಗಳನ್ನು ಅವಳು ನೋಡಲೇ ಇಲ್ಲ. ಹಸುವಿನ ಕೊರಳಡಿಯ ಗಂಗೆದೊಗಲು ಸವರುವ ಹಾಗೆ ಮಕರದ ಕತ್ತಿನ ಮೇಲೆ ಕೈಯಾಡಿಸಿ, ಬಂದೆ ಕಣೋ, ಬಂದೆ, ಎಷ್ಟು ಕರೀತೀಯ ಎಂದಳು. ಕೊಡ ತುಂಬಿದ ಮೇಲೆ ಶಿಲ್ಪಿಯನ್ನು ಕೇಳಿದಳು:

"ಇದನ್ನ ಯಾವ ಕಾಡಲ್ಲಿ ಹಿಡ್ಕೊಂಡು ಬಂದೆಯಪ್ಪ?"

ಕತೆ ಮುಗಿಯಿತು. ಶಿಷ್ಯ ಇನ್ನೂ ನಗುತ್ತಿದ್ದ. ಗುರುಗಳು ಹೂಮಾಲೆಗೆ ಗಂಟು ಹಾಕಿ ಅವನ ಮುಖ ನೋಡಿದರು.

"ನೀನು ಇಷ್ಟು ದಿನ ದೇವರಿಗೆ ಹಲ್ಲು ಕೆತ್ತಿದೆ ಮಗು, ಗಂಟಲು ಕೊರೆಯಲಿಲ್ಲ."