ಅಜ್ಜಯ್ಯನಿಗೆ ನೀರೆರೆದ ಸೊಸೆ

ಸಮಯ: ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಹವೆ: ಒಣ ಬಿಸಿಲು, ಗಾಳಿಯಿಲ್ಲ. ಸ್ಥಳ: ಹಳೆಯ ಎಲುಬುಗಳ ಡಿಎನ್‌ಎ ಪರೀಕ್ಷಿಸುವ ಪ್ರಯೋಗಾಲಯ. ಹಾಜರಿದ್ದವರು: ಗುರು ವೀರಭದ್ರಯ್ಯನವರು, ಶಿಷ್ಯೆ ದಾಕ್ಷಾಯಿಣಿ, ಮೇಜಿನ ಮೇಲೆ, ಹಾಳು ಕೋಟೆಯ ಗೋಡೆಯಡಿ ಸಿಕ್ಕ, ಹೆಸರು ತಿಳಿಯದ ಒಬ್ಬರು.

ಆ ಒಬ್ಬರಿಂದ ಉಳಿದಿದ್ದುದು ಒಂದು ಹಲ್ಲು ಮಾತ್ರ. ಅವರು ತಮ್ಮ ಮುತ್ತಜ್ಜನಿರಬಹುದೆಂದು ಎಂಬತ್ತು ದಾಟಿದ ಹಿರಿಯರೊಬ್ಬರು ಕಾಗದ ಬರೆದು, ಉತ್ತರಕ್ಕೆ ಕಾದಿದ್ದರು. ದಾಕ್ಷಾಯಿಣಿ ಆ ಹಲ್ಲಿಗೆ ಹತ್ತಿದ್ದ ಮಣ್ಣನ್ನು, ಕೂಸಿನ ಬಾಯಿ ಒರೆಸುವಂತೆ, ಬರಿಯ ಹೆಬ್ಬೆರಳಿನಿಂದ ಒರೆಸಿದಳು. ಗುರುಗಳು ನೋಡಿದರು. ಕೆಲಸ ನಿಲ್ಲಿಸಿದರು.

ಶಿಷ್ಯೆ ಕೇಳಿದಳು: "ಗುರುಗಳೇ, ಬರಿಗೈಯಲ್ಲಿ ಮುಟ್ಟಿದ್ದು ತಪ್ಪು. ಒಪ್ಪಿದೆ. ಆದರೆ ಇವರನ್ನು ಕಂಡು ಅಕ್ಕರೆ ಬಂತು. ಅಕ್ಕರೆಯೂ ತಪ್ಪೇ? ನಾನು ಈ ಮೇಜು ಬಿಟ್ಟು ಹೋಗಬೇಕೇ?"

"ಕುಳಿತುಕೋ. ಕೈಗಳು ಮಡಿಲಲ್ಲಿರಲಿ. ಇನ್ನೇನನ್ನೂ ಮುಟ್ಟಬೇಡ" ಎಂದು ಗುರುಗಳು ಹೇಳತೊಡಗಿದರು.

ಒಂದು ಹೊಳೆ. ಅದರ ದಡದಲ್ಲಿ ಒಂದು ಕಲ್ಲುಗೂಡು. ಗೂಡಿನಲ್ಲಿ ಒಂದು ತಲೆಬುರುಡೆ. ಒಬ್ಬ ಅಂಬಿಗನ ಮನೆಯವರು ಅದನ್ನು ಅಜ್ಜಯ್ಯ ಎಂದು ಕರೆಯುತ್ತಿದ್ದರು. ಹಿಂದೆ ಶತ್ರುಗಳ ದಂಡು ಬಂದಾಗ, ಅದು ಹೊಳೆ ದಾಟದಿರಲೆಂದು ತನ್ನ ದೋಣಿಯನ್ನು ತಾನೇ ಮುಳುಗಿಸಿ ಸತ್ತವನು ಅವನೆಂಬುದು ಅವರ ನಂಬಿಕೆ. ವರ್ಷಕ್ಕೊಮ್ಮೆ, ಮಹಾಲಯ ಅಮಾವಾಸ್ಯೆಯ ದಿನ, ಮನೆಯ ಹಿರಿಯ ಸೊಸೆ ಬುರುಡೆಗೆ ನೀರೆರೆಯಬೇಕು, ಎಣ್ಣೆ ಹಚ್ಚಬೇಕು, ಎಡೆ ಇಡಬೇಕು. ಬೇರೆ ಯಾರೂ ಮುಟ್ಟಬಾರದು. ಅದು ಕಟ್ಟಳೆ. ಅಂಬಿಗನ ಹೆಂಡತಿಯೇ ಆಗ ಹಿರಿಯ ಸೊಸೆ. ಬೇರೆ ಊರಿನಿಂದ ಬಂದವಳು. ನಲವತ್ತು ವರ್ಷ ತಪ್ಪದೆ ನೀರೆರೆದಿದ್ದಳು. ಜ್ವರ ಬಂದ ವರ್ಷವೂ ಬಿಡಲಿಲ್ಲ.

ಹೊಳೆಗೆ ಅಣೆಕಟ್ಟು ಬಂತು. ಕಲ್ಲುಗೂಡು ಮುಳುಗುವುದು ನಿಶ್ಚಯವಾಯಿತು. ಅಜ್ಜಯ್ಯನನ್ನು ತರಲು ಅಂಬಿಗ ಬುಟ್ಟಿ ಹಿಡಿದು ಹೋದ. ಅಲ್ಲಿ ಒಬ್ಬ ವ್ಯಾಪಾರಿ ನಿಂತಿದ್ದ.

"ನಮ್ಮ ಹಿರಿಯನೊಬ್ಬ ಉಪ್ಪು ಹೇರಿದ ಎತ್ತುಗಳೊಂದಿಗೆ ಈ ದಡದವರೆಗೆ ಬಂದದ್ದು ಗೊತ್ತು. ಮನೆಗೆ ಮರಳಲಿಲ್ಲ. ಇವನು ಅವನೇ ಇರಬೇಕು" ಎಂದ ವ್ಯಾಪಾರಿ.

"ಉಪ್ಪು ಮಾರುವವನಿಗೆ ನಾವು ತಲೆತಲಾಂತರದಿಂದ ಎಣ್ಣೆ ಹಚ್ಚಿದೆವೇನು?" ಎಂದ ಅಂಬಿಗ.

ಇಬ್ಬರೂ ಒಬ್ಬ ಪಂಡಿತನ ಬಳಿಗೆ ಹೋದರು. ಎಲುಬನ್ನು ಓದುವುದು ಅವನ ವಿದ್ಯೆ.

ತಂದೆಯಿಂದ ಮಗನಿಗೆ ಮಾತ್ರ ಇಳಿಯುವ ಗುರುತೊಂದು ಡಿಎನ್‌ಎಯಲ್ಲಿದೆ. ಅದನ್ನು ಹೋಲಿಸುವುದಕ್ಕಾಗಿ ಪಂಡಿತ ಎರಡೂ ಮನೆಗಳ ಗಂಡಸರ ಕೆನ್ನೆಯೊಳಗಿನಿಂದ ಹತ್ತಿಕಡ್ಡಿಯಲ್ಲಿ ಎಂಜಲು ತೆಗೆದ. ಸೊಸೆಯೂ ಬಂದು ಸಾಲಿನಲ್ಲಿ ನಿಂತಳು. "ನೀನು ಹೊರಗಿನವಳು. ನಿನ್ನದೇಕೆ?" ಎಂದು ಅಂಬಿಗ ಅವಳನ್ನು ಹಿಂದಕ್ಕೆ ಕಳುಹಿಸಿದ. ಪಂಡಿತನೂ ಸರಿಯೆಂದ. ಅನಂತರ ಬುರುಡೆಯ ಮೇಲ್ಮೈಯನ್ನು ಕೆರೆದು ಪುಡಿ ತೆಗೆದ.

ಫಲಿತಾಂಶ ಬಂತು. ಪುಡಿಯಲ್ಲಿದ್ದುದು ಹೆಂಗಸಿನ ಡಿಎನ್‌ಎ.

ಊರು ನಕ್ಕಿತು. "ದೋಣಿ ಮುಳುಗಿಸಿದ್ದು ಅಜ್ಜಯ್ಯನಲ್ಲವಂತೆ, ಅಜ್ಜಮ್ಮನಂತೆ" ಎಂದಿತು. ಪಂಡಿತ ನಗಲಿಲ್ಲ. ಹುಬ್ಬಿನ ಎಲುಬು ದಪ್ಪವಿತ್ತು; ದವಡೆ ಅಗಲವಿತ್ತು; ಬುರುಡೆ ಗಂಡಸಿನದೇ. ಹಾಗಿದ್ದರೆ ತಪ್ಪು ತನ್ನದು. ಅವನು ಅಂಬಿಗನನ್ನು ಕರೆದು ಕೇಳಿದ:

"ಇದನ್ನು ಮುಟ್ಟಿದವರು ಯಾರು?"

"ಯಾರೂ ಮುಟ್ಟಿಲ್ಲ, ಸ್ವಾಮಿ. ನನ್ನ ಹೆಂಡತಿ ಮಾತ್ರ."

ಪಂಡಿತ ಸೊಸೆಯನ್ನು ಕರೆಸಿದ. ಇದ್ದದ್ದನ್ನು ಇದ್ದಂತೆ ಹೇಳಿದ: "ತಾಯಿ, ನಾನು ಓದಿದ್ದು ಬಹುಶಃ ನಿಮ್ಮನ್ನು. ನಿಮ್ಮ ಎಂಜಲು ಕೊಟ್ಟರೆ ನಿಮ್ಮದು ಯಾವುದು, ಅವರದು ಯಾವುದು ಎಂದು ಬೇರ್ಪಡಿಸಬಹುದು. ಬೇರ್ಪಡಿಸಿದ ಮೇಲೆ ಅವರು ನಿಮ್ಮ ಮನೆಯವರಲ್ಲವೆಂದೂ ತಿಳಿಯಬಹುದು. ಆಗ ಅವರನ್ನು ಒಯ್ಯುವವನು ವ್ಯಾಪಾರಿ."

"ಬೇಡ, ಕೊಡಬೇಡ" ಎಂದ ಅಂಬಿಗ.

ಸೊಸೆ ಬುರುಡೆಯನ್ನು ನೋಡಿದಳು. "ನಲವತ್ತು ವರ್ಷ ನೀನು ಯಾರಪ್ಪಾ ಎಂದು ಕೇಳದೆ ನೀರೆರೆದೆ. ಈಗಲಾದರೂ ಕೇಳಬೇಡವೇ?" ಎಂದಳು. ಬಾಯಿ ತೆರೆದಳು.

ಪಂಡಿತ ಮತ್ತೆ ಮೊದಲಿನಿಂದ ಆರಂಭಿಸಿದ. ಕಿವಿಯ ಒಳಗಿನ ಗಟ್ಟಿ ಮೂಳೆಯನ್ನು, ಯಾರ ಕೈಯೂ ತಲುಪದ ಕಡೆಯಲ್ಲಿ, ಕೊರೆದ. ಹೊರಗಿನ ಪುಡಿ ಸೊಸೆಯದೇ ಆಗಿತ್ತು. ಒಳಗಿನ ಪುಡಿ ಗಂಡಸಿನದು. ಅದರ ಗುರುತು ವ್ಯಾಪಾರಿಯ ಮನೆಯ ಗಂಡಸರ ಗುರುತಿಗೆ ಹೊಂದಿತು.

ಅಂಬಿಗ ನೆಲಕ್ಕೆ ಕುಳಿತ. "ಹಾಗಾದರೆ ನಮ್ಮ ಅಜ್ಜಯ್ಯ ಎಲ್ಲಿ?" ಎಂದ.

"ಹೊಳೆಯಲ್ಲಿ. ಅಂತಹ ಅಂಬಿಗ ದೋಣಿ ಬಿಟ್ಟು ದಡಕ್ಕೆ ಏಕೆ ಬರುತ್ತಾನೆ?" ಎಂದಳು ಹೆಂಡತಿ.

ವ್ಯಾಪಾರಿ ಬಟ್ಟೆ ಹಾಸಿದ ಪೆಟ್ಟಿಗೆ ತಂದ. ಸೊಸೆ ಅಳಲಿಲ್ಲ. ಹೇಳಿಕೊಟ್ಟಳು: "ನೀರು ಉಗುರುಬೆಚ್ಚಗಿರಲಿ. ಎಡಗಣ್ಣಿನ ಪಕ್ಕದಲ್ಲಿ ಬಿರುಕಿದೆ, ಅಲ್ಲಿ ಉಜ್ಜಬೇಡಿ. ಎಣ್ಣೆ ಹೆಚ್ಚು ಹಚ್ಚಿದರೆ ಇರುವೆ ಮುತ್ತುತ್ತವೆ."

ವ್ಯಾಪಾರಿ ಬುರುಡೆಯನ್ನು ನೋಡಿದ. ತನ್ನ ಕೈಗಳನ್ನು ನೋಡಿಕೊಂಡ. "ಅಕ್ಕಾ, ಎಡೆ ನಾವು ಮಾಡುತ್ತೇವೆ. ನೀರೆರೆಯುವುದಕ್ಕೆ ನೀವೇ ಬರಬೇಕು" ಎಂದ.

ಸೊಸೆ ಪಂಡಿತನತ್ತ ತಿರುಗಿದಳು. "ಸ್ವಾಮಿ, ಇನ್ನು ಮುಟ್ಟಬಹುದೇ?"

"ಮುಟ್ಟಬಹುದು, ತಾಯಿ. ಅವರು ಯಾರೆಂದು ತಿಳಿಯಿತಲ್ಲ."

ಗುರುಗಳು ಕತೆ ಮುಗಿಸಿದರು. ಗಡಿಯಾರ ನೋಡಿದರು, ಹತ್ತು ಗಂಟೆ ನಲವತ್ತು ನಿಮಿಷ. ಕಪಾಟಿನಿಂದ ಒಂದು ಹತ್ತಿಕಡ್ಡಿ, ಒಂದು ಜೊತೆ ಹೊಸ ಕೈಗವಸು ತೆಗೆದು ಶಿಷ್ಯೆಯ ಮುಂದೆ ನೇರವಾಗಿ ಇಟ್ಟರು. ಹೆಸರಿಲ್ಲದವರ ಕಡತವನ್ನು ತೆರೆದು ಅವಳತ್ತ ಸರಿಸಿದರು. ಮುಟ್ಟಿದವರ ಹೆಸರು ಬರೆಯುವ ಮೊದಲ ಪುಟ ಖಾಲಿಯಿತ್ತು.

"ಗುರುಗಳೇ, ಒಂದೇ ಹಲ್ಲಿದೆ. ಅದನ್ನೂ ನಾನು ಮುಟ್ಟಿಬಿಟ್ಟೆ. ಇನ್ನು ಅವರನ್ನು ಹೇಗೆ ಕಾಣುವುದು?" ಎಂದು ದಾಕ್ಷಾಯಿಣಿ ಕೇಳಿದಳು. ಅದಕ್ಕೆ ಗುರುಗಳು ಕೊಟ್ಟ ತೀರ್ಪನ್ನು ಕೇಳಿದ ಮೇಲೆ ಅವಳು ಹತ್ತಿಕಡ್ಡಿಯನ್ನು ಕೈಗೆತ್ತಿಕೊಂಡು ಬಾಯಿ ತೆರೆದಳು. ತೀರ್ಪು ಇಷ್ಟೇ:

"ಮೊದಲ ಪುಟದಲ್ಲಿ ನಿನ್ನ ಹೆಸರು ಬರೆ, ನಿನ್ನನ್ನು ಕಳೆದ ಮೇಲೆ ಉಳಿಯುವವರೇ ಅವರು."