ಚಪ್ಪಟೆ ಮೂಗಿನ ಅರಮನೆ ನಾಯಿಗಳು

"ನಮ್ಮ ಅರಮನೆಯ ನಾಯಿಗಳಂಥ ನಾಯಿಗಳು ಮೂರು ಲೋಕದಲ್ಲಿ ಎಲ್ಲಾದರೂ ಇದ್ದರೆ ತೋರಿಸಿ!" ಎಂದು ಬೆಳಗಲ್ಲುದುರ್ಗದ ದೊರೆ ಹಂಪನಾಯಕ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ಯಾರೂ ತೋರಿಸಲಿಲ್ಲ. ಸಿಂಹಾಸನದ ಸುತ್ತ ಮಲಗಿದ್ದ ನಾಯಿಗಳ ಗೊರಕೆಯಲ್ಲಿ ದೊರೆಯ ಮಾತು ಅರ್ಧ ಸಭೆಗೆ ಕೇಳಿಸಿಯೇ ಇರಲಿಲ್ಲ.

ಎಂಥ ನಾಯಿಗಳು ಅಂತೀರಿ! ಮುಖ ರೊಟ್ಟಿಯ ಹಾಗೆ ಚಪ್ಪಟೆ. ಮೂಗು ಎಲ್ಲಿದೆ ಎಂದು ಹುಡುಕಬೇಕು. ನಾಲ್ಕು ಹೆಜ್ಜೆ ನಡೆದರೆ ಏದುಸಿರು, ಹಾಗಾಗಿ ಓಡಾಟಕ್ಕೆ ಪಲ್ಲಕ್ಕಿ. ತಿನ್ನುವಾಗ ಉಸಿರು ಕಟ್ಟುತ್ತಿತ್ತು, ಮಲಗಿದಾಗ ಇನ್ನೂ ಕಟ್ಟುತ್ತಿತ್ತು. ಬೇಸಿಗೆಯಲ್ಲಿ ಬೀಸಣಿಗೆ ಬೀಸಲು ಆಳುಗಳು, ಮರಿ ಹಾಕುವಾಗ ಹತ್ತಿರ ಕೂರಲು ವೈದ್ಯರು. ಆ ಬಡಪ್ರಾಣಿಗಳ ಮೇಲೆ ನನಗೇನೂ ಕೋಪವಿಲ್ಲ. ಅವನ್ನು ಹಾಗೆ ಹುಟ್ಟಿಸಿದವರ ಮೇಲೆ ಮಾತ್ರ ಮೈಯೆಲ್ಲ ಉರಿಯುತ್ತದೆ.

ಹುಟ್ಟಿಸಿದವನು ಶ್ವಾನಶಾಲೆಯ ಅಧಿಕಾರಿ ಭುಜಂಗರಾಯ. ಸಭಾಮಂಟಪದ ಗೋಡೆಯ ಮೇಲೇ ಬರೆದ, ದೊರೆಯ ತಾತ ದೊಡ್ಡ ಹಂಪನಾಯಕನ ಚಿತ್ರವೊಂದಿತ್ತು. ಒಂದು ತುದಿಯಲ್ಲಿ ಕುದುರೆ, ನಡುವೆ ತಾತ, ಇನ್ನೊಂದು ತುದಿಯಲ್ಲಿ ಮಂಟಪದ ಕಲ್ಲುಕಂಬಕ್ಕೆ ಮುಖ ತಾಗಿಸಿಕೊಂಡು ನಿಂತ ಅವನ ಬೇಟೆನಾಯಿ. ಚಿರತೆಯ ಬಾಯಿಂದ ತಾತನನ್ನು ಉಳಿಸಿದ ನಾಯಿ ಅದು. ಅದರ ತಳಿ ಕೆಡಬಾರದೆಂದು ಭುಜಂಗರಾಯ, ಅವನಿಗೂ ಮೊದಲು ಅವನಪ್ಪ, ಹುಟ್ಟಿದ ಪ್ರತಿ ಮರಿಯನ್ನೂ ಚಿತ್ರದ ಪಕ್ಕ ಹಿಡಿದು ದಾರದಿಂದ ಮೂಗು ಅಳೆಯುತ್ತಾ ಬಂದಿದ್ದರು. ಹೊಂದಿದರೆ ಹಾಲು, ಅನ್ನ, ರೇಷ್ಮೆಯ ಹಾಸಿಗೆ. ಮೂಗು ಉದ್ದವಾಗಿದ್ದರೆ ಕೋಟೆಯ ಆಚೆ ಎಸೆತ. ಎಸೆದವುಗಳನ್ನು ಕುರಿ ಕಾಯುವವರು ಎತ್ತಿಕೊಂಡು ಹೋಗಿ ಸಾಕುತ್ತಿದ್ದರು.

ಅವತ್ತು ಭುಜಂಗರಾಯ ಅಂಥದೇ ಒಂದು ನಾಯಿಯನ್ನು ಹಗ್ಗ ಕಟ್ಟಿ ಎಳೆತಂದ. ಹಿಂದೆಯೇ ಅದನ್ನು ಸಾಕಿದ ಕುರಿಹಟ್ಟಿಯ ಸಿರಿಯವ್ವ ಅಳುತ್ತಾ ಬಂದಳು.

"ಪ್ರಭು, ಈ ಉದ್ದಮೂಗಿನದು ನಿನ್ನೆ ಶ್ವಾನಶಾಲೆಯ ಗೋಡೆ ಹಾರಿ ಒಳಗೆ ಬಂದಿದೆ. ನಮ್ಮ ತಳಿ ಕೆಟ್ಟರೆ ಗತಿಯೇನು? ಸಂಜೆಯೊಳಗೆ ಇದನ್ನು ಕೊಲ್ಲಿಸಬೇಕು. ರಾಜ್ಯದಲ್ಲಿರುವ ಉದ್ದಮೂಗಿನವನ್ನೆಲ್ಲ ಹೀಗೇ ಮುಗಿಸಬೇಕು."

ಸಿರಿಯವ್ವ ನೆಲಕ್ಕೆ ಹಣೆ ಹಚ್ಚಿದಳು. "ಬುದ್ಧೀ, ಕೆಂಚ ಇಲ್ದಿದ್ರೆ ನನ್ ಹಟ್ಟೀಲಿ ಒಂದ್ ಕುರೀನೂ ಉಳಿಯಾಕಿಲ್ಲ. ತ್ವಾಳ ಬಂದ್ರೆ ಅಡ್ಡ ನಿಲ್ಲಾದು ಇವನೇ. ಗ್ವಾಡೆ ಹಾರಿದ್ದಕ್ಕೆ ಬೇಕಾದ್ರೆ ನಂಗೇ ಎರಡೇಟು ಹಾಕಿ. ಇವನ ಜೀವ ತೆಗೀಬ್ಯಾಡಿ."

"ಅಳಬೇಡ," ಎಂದ ದೊರೆ ಉದಾರವಾಗಿ. "ನಿನ್ನ ಕುರಿ ಕಾಯಲು ಅರಮನೆಯ ನಾಯಿಯನ್ನೇ ಕೊಡುತ್ತೇವೆ."

"ಅದನ್ನ ಯಾರು ಕಾಯಾದು ಬುದ್ಧೀ?"

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ದೊರೆಯ ಮುಖ ಕೆಂಪಾಯಿತು. "ಎಷ್ಟು ಸೊಕ್ಕು! ಚಿತ್ರಕ್ಕೆ ಹೊಂದದ್ದು ನಮ್ಮ ದುರ್ಗದಲ್ಲಿ ಬದುಕಬೇಕಾಗಿಲ್ಲ. ಎಳೆದುಕೊಂಡು ಹೋಗಿ ಕೊಲ್ಲಿ!"

ಆಗ ಎದ್ದು ನಿಂತವನು ಓಬಳಯ್ಯ. ಆಸ್ಥಾನದಲ್ಲಿ ಅವನ ಕೆಲಸ ಏನೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅವನ ನಾಲಿಗೆಗೆ ಹೆದರಿ ಯಾರೂ ಕೇಳಿರಲಿಲ್ಲ.

"ಅಪ್ಪಣೆ ಬಹಳ ಸೊಗಸಾಗಿದೆ ಮಹಾಪ್ರಭು. ಆದರೆ ನಾಯಿಗಳಿಗೆ ಮಾತ್ರ ಏಕೆ ಈ ಮರ್ಯಾದೆ? ಚಿತ್ರದಲ್ಲಿ ತಾತನವರೂ ಇದ್ದಾರೆ. ಅರಮನೆಯಲ್ಲಿರುವ ಎಲ್ಲರಿಗೂ ಅದೇ ಅಳತೆಯಾಗಲಿ."

ದೊರೆ ಹಿಗ್ಗಿಹೋದ. "ಭೇಷ್! ಇಂದಿನಿಂದ ಚಿತ್ರವೇ ಅಳತೆ. ಹೊಂದದಿದ್ದರೆ ಹೊಂದುವಂತೆ ಮಾಡಿ."

"ಯಾರಿಗೂ ವಿನಾಯಿತಿ ಇಲ್ಲವಷ್ಟೆ?"

"ಹಂಪನಾಯಕ ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವವನಲ್ಲ!"

ಓಬಳಯ್ಯ ಚಿತ್ರದ ಹತ್ತಿರ ಹೋದ. ತಾತನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ತಿರುಗಿ ದೊರೆಯನ್ನು ನೋಡಿದ. ಮತ್ತೆ ತಾತನನ್ನು ನೋಡಿ ದೊಡ್ಡದಾಗಿ ನಿಟ್ಟುಸಿರು ಬಿಟ್ಟ.

"ಯಾರಲ್ಲಿ? ಶಸ್ತ್ರವೈದ್ಯರನ್ನು ಕರೆಯಿರಿ. ಚೂರಿ ಕಾಯಿಸಿಕೊಂಡೇ ಬರಲಿ."

"ಚೂರಿ ಯಾರಿಗೆ?" ಎಂದ ದೊರೆ.

"ತಮಗೇ ಪ್ರಭು. ತಾತನವರಿಗೆ ಇರುವುದು ಒಂದೇ ಕಣ್ಣು. ತಮಗೆ ಒಂದು ಹೆಚ್ಚಿದೆ."

ದೊರೆ ಸಿಂಹಾಸನದಿಂದ ಜಿಗಿದೇಬಿಟ್ಟ. "ಮೂರ್ಖ! ಅದು ಪಕ್ಕದಿಂದ ಬರೆದ ಚಿತ್ರ! ತಾತನ ಇನ್ನೊಂದು ಕಣ್ಣು ಆ ಮಗ್ಗುಲಲ್ಲಿದೆ. ಚಿತ್ರದಲ್ಲಿ ಕಾಣದ ಮಾತ್ರಕ್ಕೆ ಕಣ್ಣೇ ಇರಲಿಲ್ಲ ಅಂತಲೇ?"

"ಅದೇ ಪ್ರಭು ನಾನೂ ಹೇಳುವುದು. ನಾಯಿಗೂ ಮೂಗಿತ್ತು. ಅದನ್ನು ಬರೆಯುವ ಹೊತ್ತಿಗೆ ಗೋಡೆ ಮುಗಿದು ಕಂಬ ಬಂದುಬಿಟ್ಟಿತು."

ದೊರೆ ಚಿತ್ರದ ಮುಂದೆ ಹೋಗಿ ನಿಂತ. ಚಿತ್ರಗಾರ ಕುದುರೆಗೆ ಧಾರಾಳವಾಗಿ ಜಾಗ ಕೊಟ್ಟಿದ್ದ, ತಾತನ ಹೊಟ್ಟೆಗೆ ಇನ್ನೂ ಧಾರಾಳವಾಗಿ. ಉಳಿದ ಒಂದು ಗೇಣಿನಲ್ಲಿ ನಾಯಿಯನ್ನು ಹೇಗೋ ತುರುಕಿ, ಮೂತಿಯನ್ನು ಕಂಬಕ್ಕೆ ಒತ್ತಿ ಕೈ ತೊಳೆದುಕೊಂಡಿದ್ದ. ದೊರೆ ಕೆಂಚನತ್ತ ತಿರುಗಿದ. ಅದೇ ಎದೆ, ಅದೇ ಸಣ್ಣ ನಡು, ಅದೇ ಉದ್ದ ಕಾಲು.

"ಹಾಗಾದರೆ ತಾತನ ನಾಯಿಯ ತಳಿ..."

"ಹುಟ್ಟಿದಾಗಲೆಲ್ಲ ನಾವೇ ಆರಿಸಿ ಆರಿಸಿ ಆಚೆಗೆ ಎಸೆದೆವು ಪ್ರಭು. ಪುಣ್ಯಕ್ಕೆ ಸಿರಿಯವ್ವನಂಥವರು ಎತ್ತಿಕೊಂಡರು."

ದೊರೆಗೆ ಮೊದಲು ನಾಚಿಕೆಯಾಯಿತು, ಆಮೇಲೆ ನಗು ಬಂತು. ನಕ್ಕು ನಕ್ಕು ಕಣ್ಣೊರೆಸಿಕೊಂಡು, ಆ ಕಣ್ಣು ಎರಡೂ ಇವೆಯೆಂದು ಸಮಾಧಾನಪಟ್ಟುಕೊಂಡ. ತಾನೇ ಕೆಂಚನ ಹಗ್ಗ ಬಿಚ್ಚಿದ. ಸಿರಿಯವ್ವನಿಗೆ ಕೆರೆಯ ಹಿಂದಿನ ಹುಲ್ಲುಗಾವಲನ್ನು ಬಿಟ್ಟುಕೊಟ್ಟ. ಅರಮನೆಯ ಹೆಣ್ಣುನಾಯಿಗಳಿಗೆ ಇನ್ನು ಮುಂದೆ ಹಟ್ಟಿಯ ನಾಯಿಗಳೇ ಜೋಡಿಯಾಗಲಿ ಎಂದ. ಓಬಳಯ್ಯನ ಕೊರಳಿಗೆ ತನ್ನ ಹಾರವನ್ನೇ ಹಾಕಿದ.

"ತಪ್ಪು ತಿದ್ದಲೇಬೇಕು," ಎಂದು ದೊರೆಗೆ ಹುಮ್ಮಸ್ಸು ಏರಿತು. "ಈಗಲೇ ಒಬ್ಬ ಚಿತ್ರಗಾರನನ್ನು ಕರೆಸಿ. ಕಂಬದ ಆಚೆ ನಾಯಿಯ ಮೂಗನ್ನು ಬರೆಯಲಿ!"

ಓಬಳಯ್ಯ ಗಾಬರಿಯಿಂದ ಎರಡೂ ಕೈ ಮುಗಿದ.

"ಬೇಡ ಮಹಾಪ್ರಭು! ಬರೆಸಿದರೆ ಭುಜಂಗರಾಯರು ನಾಳೆಯಿಂದ ಕಂಬದ ದಪ್ಪವನ್ನೂ ಸೇರಿಸಿ ಮೂಗು ಅಳೆಯುತ್ತಾರೆ."