ಹಾಗಲಬಳ್ಳಿಯ ಕೈ ಎರಡು ಕಡೆ ಸುತ್ತಿಕೊಂಡದ್ದು

ಭೂಮಿಯ ಮೇಲೆ ಮೊದಲು ಹೆಜ್ಜೆ ಊರಿದವನು ನಾನು. ಸುಳ್ಳು ಅನ್ನುವವರು ಸಾಕ್ಷಿ ಕರೆದುಕೊಂಡು ಬರಲಿ. ಆಗ ಇದ್ದವರು ಯಾರೂ ಈಗಿಲ್ಲ, ನಾನೊಬ್ಬನೇ ಉಳಿದಿರೋದು. ನೆಲ ಆಗತಾನೇ ಸಗಣಿ ಸಾರಿಸಿದ ಅಂಗಳದ ಹಾಗೆ ಹಸಿಯಾಗಿತ್ತು. ಬೆಟ್ಟದ ಆಚೆ ಒಂದು ಹಳ್ಳ ಇದೆಯಲ್ಲ, ಅದು ನನ್ನ ಹಿಮ್ಮಡಿ ಗುರುತು.

ಅಷ್ಟು ಹೊಸದು ಲೋಕ. ಹೊಳೆಗೆ ದಡ ಅಂದರೇನೆಂದು ಗೊತ್ತಿರಲಿಲ್ಲ, ಮನಸ್ಸು ಬಂದ ಕಡೆ ಹರಿಯುತ್ತಿದ್ದಳು. ಬಳ್ಳಿಗಳೆಲ್ಲ ನೆಲದ ಮೇಲೇ ಮಲಗಿರುತ್ತಿದ್ದವು. ಅವಕ್ಕೆ ನೂಲಿನಂಥ ಕೈಗಳಿದ್ದವು, ಆದರೆ ಹುಲ್ಲುಕಡ್ಡಿಯ ಹಾಗೆ ನೆಟ್ಟಗೆ. ಆ ಕೈ ಯಾತಕ್ಕೆ ಅಂತ ಯಾರಿಗೂ ತಿಳಿಯದು.

ಒಂದು ಜಾಲಿಮರದ ಬುಡದಲ್ಲಿ ಹಾಗಲಬಳ್ಳಿ ಇದ್ದಳು. ಅವಳಿಗೆ ಮೊದಲನೇ ಹೀಚು ಕಚ್ಚಿತ್ತು. ಕಿರುಬೆರಳಿನಷ್ಟು ಕಾಯಿ.

ಒಂದು ಬೆಳಿಗ್ಗೆ ಗಾಳಿ ಓಡಿ ಬಂದ.

"ಅಕ್ಕಾ, ಬೆಟ್ಟದಲ್ಲಿ ಮಳೆ ಸುರಿದಿದೆ. ಹೊಳೆ ಈ ಕಡೆಗೇ ಬರ್ತಿದಾಳೆ. ಎಳೇ ಕಾಯಿ ನೆನೆದರೆ ಕೊಳೆತು ಹೋಗುತ್ತೆ. ಮರ ಹತ್ತು."

"ನಾನಾ? ನನಗೆ ಮೂಳೆ ಇಲ್ಲ, ನಡು ಇಲ್ಲ. ಎದ್ದು ಕೂತೂ ಅಭ್ಯಾಸ ಇಲ್ಲ."

ಪಕ್ಕದಲ್ಲಿದ್ದ ಕುಂಬಳಬಳ್ಳಿ ನಕ್ಕಳು. "ಕೂರಲಾರದವಳಿಗೆ ಅಟ್ಟದ ಆಸೆ ಯಾಕೆ ಕಣೆ? ನನ್ನ ಕಾಯಿ ದಪ್ಪ, ತೇಲುತ್ತೆ. ನೀನು ಬಿದ್ದರೆ ನನ್ನ ಮೇಲೆ ಮಾತ್ರ ಬೀಳಬೇಡ."

ಹಾಗಲಬಳ್ಳಿ ತಲೆಯೆತ್ತಿ ನೋಡಿದಳು. ಮರದ ತುದಿ ಕಾಣಲಿಲ್ಲ.

"ಎಷ್ಟು ಹತ್ತಬೇಕು?"

"ಒಂದು ಗೇಣು," ಅಂದ ಗಾಳಿ.

ಒಂದು ಗೇಣು ತಾನೆ ಅಂತ ಅವಳು ಒಂದು ಕೈ ಚಾಚಿದಳು. ಕೈ ತಡಕಾಡಿ ತಡಕಾಡಿ ಒಂದು ಮುಳ್ಳಿಗೆ ತಾಗಿತು. ಮುಳ್ಳಿಗೆ ಬೆರಳ ತುದಿ ಸುತ್ತಿ, ಮೈಯನ್ನು ಹತ್ತಿರ ಎಳೆಯಲು ಕೈಯನ್ನು ಬಲಕ್ಕೆ ನುಲಿಯತೊಡಗಿದಳು. ಅರ್ಧ ನುಲಿದಾಗ ಅನುಮಾನ ಬಂತು. 'ತಪ್ಪು ಕಡೆ ಸುತ್ತಿದೆನೇನೋ. ಬಿಚ್ಚಿಕೊಂಡರೆ?' ಹಿಡಿದದ್ದನ್ನು ಬಿಡಲು ಭಯ, ಸುತ್ತಿದ್ದನ್ನು ನಂಬಲು ಭಯ. ಕೊನೆಗೆ ಉಳಿದರ್ಧವನ್ನು ಎಡಕ್ಕೆ ನುಲಿದಳು.

ಕಾಯಿ ನೆಲ ಬಿಟ್ಟು ಒಂದು ಗೇಣು ಮೇಲೆದ್ದಿತು.

"ಇನ್ನೆಷ್ಟು?"

"ಒಂದು ಗೇಣು."

ಮತ್ತೆ ಒಂದು ಕೈ. ಅರ್ಧ ಬಲಕ್ಕೆ, ಅಷ್ಟರಲ್ಲಿ ಅನುಮಾನ, ಅರ್ಧ ಎಡಕ್ಕೆ. ದೂರದಲ್ಲಿ ಹೊಳೆಯ ಸದ್ದು.

"ಇನ್ನೆಷ್ಟು?"

"ಒಂದು ಗೇಣು."

"ಆಗಲೂ ಅದನ್ನೇ ಹೇಳಿದೆ."

"ಆಗಿನದು ಆಯಿತಲ್ಲ. ಇದು ಬೇರೆ."

ಕೆಳಗೆ ನೀರು ಬಂದೇ ಬಂತು. ಮೊದಲು ಬೇರು ನೆನೆಯಿತು, ಆಮೇಲೆ ಹಳೇ ಎಲೆಗಳು ಮುಳುಗಿದವು. ಕುಂಬಳಕಾಯಿ ತೊಟ್ಟು ಕಳಚಿಕೊಂಡು ತೇಲಿ ಎಲ್ಲೋ ಹೋಯಿತು.

"ತಾತ, ಹಾಗಲಬಳ್ಳಿ ಬೀಳ್ತಾಳಾ?" ನನ್ನ ಮೊಮ್ಮಗಳು ಹೊನ್ನಿ ಪಂಚೆಯ ಅಂಚು ಹಿಡಿದುಕೊಂಡಳು.

ತಡಿ ಕೂಸೇ. ಅವಳಿಗೇ ಗೊತ್ತಿರಲಿಲ್ಲ, ನಿನಗೆ ಹ್ಯಾಗೆ ಹೇಳಲಿ?

ಏಳನೇ ಗೇಣಿಗೆ ಅವಳು ಅತ್ತಳು. "ನನ್ನ ಒಂದು ಕೈಯೂ ಸರಿಯಾಗಿ ಸುತ್ತಿಲ್ಲ. ನೋಡು, ಎಲ್ಲ ಅರ್ಧಂಬರ್ಧ. ಜೋರಾಗಿ ಎಳೆದರೆ ಒಂದೂ ನಿಲ್ಲಲ್ಲ."

ಗಾಳಿ ಮುಖ ಸಣ್ಣದು ಮಾಡಿದ. "ಅಕ್ಕಾ, ಒಂದು ಮಾತು. ನಾನೀಗ ಹೊರಡಬೇಕು, ಹಿಂದೆ ಮೋಡ ದೂಡ್ತಿದೆ. ನಾನು ಹೊರಡೋದು ಅಂದರೆ ಬೀಸೋದೇ. ಮರ ಅಲ್ಲಾಡುತ್ತೆ. ಇನ್ನೊಂದೇ ಗೇಣು ಹತ್ತಿಬಿಡು."

ಅವಳು ಕಣ್ಣು ಮುಚ್ಚಿ ಎಂಟನೇ ಕೈ ಚಾಚಿದಳು. ಅರ್ಧ ಬಲಕ್ಕೆ, ಅರ್ಧ ಎಡಕ್ಕೆ.

ಗಾಳಿ ಬೀಸಿದ. ಜಾಲಿಮರ ಆ ಕಡೆ ಬಾಗಿತು. ಎಂಟು ಕೈಗಳೂ ಎಳೆದುಕೊಂಡು ಕೂದಲಿನಷ್ಟು ಸಣ್ಣಗಾದವು. ಮುಗಿಯಿತು ಅಂದುಕೊಂಡಳು. ಮರ ಈ ಕಡೆ ಬಂತು. ಕೈಗಳು ಸುರುಳಿ ಸುರುಳಿಯಾಗಿ ಮತ್ತೆ ಒಳಗೆ ಸೇರಿಕೊಂಡವು. ಎಳೆದವು, ಸೇರಿಕೊಂಡವು. ನೆಟ್ಟಗೆ ಬಿಗಿದಿದ್ದರೆ ಮೊದಲನೇ ಏಟಿಗೇ ಪಟಪಟ ಅಂತ ಹರಿದು ಹೋಗುತ್ತಿದ್ದವು. ಅವಳು ಹೆದರಿ ಸುತ್ತಿದ ಸುತ್ತೇ ಅವಳನ್ನು ಹಿಡಿದಿತ್ತು.

ನೀರು ಕಾಯಿಯ ಮೂತಿಗೆ ತಾಗಿತು. ತಾಗಿ, ಅಲ್ಲೇ ನಿಂತಿತು. ನಿಂತು, ಇಳಿಯಿತು.

"ಆಮೇಲೆ ಅವಳ ಹೆದರಿಕೆ ಹೋಯ್ತಾ ತಾತ?"

ಎಲ್ಲಿಗೆ ಹೋಗುತ್ತೆ? ಮಾರನೇ ಬೆಳಿಗ್ಗೆ ಎರಡನೇ ಹೀಚು ಕಚ್ಚಿತ್ತು. ಅವಳು ಕೆಳಗೂ ನೋಡಲಿಲ್ಲ, ತುದಿಯನ್ನೂ ನೋಡಲಿಲ್ಲ. ನಡುಗುತ್ತಲೇ ಒಂಬತ್ತನೇ ಕೈ ಚಾಚಿದಳು.

ಅದಕ್ಕೇ ಇವತ್ತಿಗೂ ಹಾಗಲಬಳ್ಳಿಯ ಕೈ ನೋಡಿದರೆ, ಅರ್ಧ ಸುರುಳಿ ಒಂದು ಕಡೆಗೆ, ಇನ್ನರ್ಧ ಇನ್ನೊಂದು ಕಡೆಗೆ, ನಡುವೆ ಅವಳಿಗೆ ಅನುಮಾನ ಬಂದ ಜಾಗ ಒಂದಿಷ್ಟು ನೆಟ್ಟಗೆ ಇರುತ್ತದೆ. ಬೇಕಾದರೆ ಈ ಚಪ್ಪರದಲ್ಲೇ ನೋಡು.

ಹೊನ್ನಿ ಚಪ್ಪರದ ಗೂಟದ ಹತ್ತಿರ ಹೋಗಿ, ಒಂದು ಸುರುಳಿಗೆ ಕಣ್ಣು ತಾಗಿಸಿ ಬಹಳ ಹೊತ್ತು ನೋಡಿದಳು.

"ಹೌದು ತಾತ. ಈ ಕಡೆ ಅರ್ಧ, ಆ ಕಡೆ ಅರ್ಧ."

"ಮತ್ತೆ? ನಾನೇನು ಸುಳ್ಳು ಹೇಳೋನಾ?"

"ಆದರೆ ಇದು ಹೀರೆಬಳ್ಳಿ. ಅವ್ವ ನೆಟ್ಟಿದ್ದು. ನಮ್ಮ ಹಿತ್ತಲಲ್ಲಿ ಹಾಗಲ ಇಲ್ಲವೇ ಇಲ್ಲ."

ನಾನೂ ಬಗ್ಗಿ ನೋಡಿದೆ. ಹೀರೆಯೇ. ಹಳದಿ ಹೂವು, ಉದ್ದಕ್ಕೆ ಏಣೇಣು ಕಾಯಿ.

"ಇವಳು ಹಾಗಲಬಳ್ಳಿಗೆ ಪಕ್ಕದ ಮನೆಯವಳಲ್ಲವಾ," ಅಂದು ಭುಜ ಕುಣಿಸಿದೆ. "ನೋಡಿ ಕಲಿತಿರ್ತಾಳೆ ಬಿಡು."